ಎಚ್‌ಐವಿ ಇರುವ ಮಹಿಳೆಯ ಬಸಿರು, ಬಾಣಂತನ ಮತ್ತು ಗರ್ಭಕೋಶದ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳ ಪೈಕಿ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ಮಹಿಳೆಯರ ಪ್ರಶ್ನೆಗಳನ್ನೇ ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಬರೆದವರ ಹೆಸರನ್ನೂ ಊರನ್ನೂ ಬಿಟ್ಟು ತಾಲ್ಲೂಕನ್ನಷ್ಟೇ ಉಳಿಸಿದ್ದೇನೆ. ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ, ಕೊಡುವ ಕೇಂದ್ರದಲ್ಲಿ ಮಾತ್ರೆ ತಪ್ಪದೆ ಸಿಗುತ್ತಿದೆ, ಸ್ತ್ರೀರೋಗ ವಿಭಾಗದಲ್ಲಿ ವೈದ್ಯರೂ ಇದ್ದಾರೆ. ಆದರೆ ಒಬ್ಬಳೇ ಮಹಿಳೆಯನ್ನು ನೋಡುವ ಈ ಎರಡು ಕೊಠಡಿಗಳು ಪರಸ್ಪರ ಮಾತನಾಡುತ್ತಿಲ್ಲ, ಆಕೆಯ ಬಹುಪಾಲು ತೊಂದರೆಗಳು ಆ ನಡುವಿನ ಜಾಗದಲ್ಲೇ ಬೆಳೆಯುತ್ತಿವೆ.

ಪ್ರಶ್ನೆ: ನನಗೆ 24 ವರ್ಷ. ಕಾಫಿ ತೋಟದ ಲೈನ್‌ಮನೆಯಲ್ಲಿದ್ದೇವೆ. ಐದನೇ ತಿಂಗಳಿನಲ್ಲಿ ತಾಯಿ ಕಾರ್ಡ್ ಮಾಡಿಸಲು ಹೋದಾಗ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದರು. ಮಗುವನ್ನು ತೆಗೆಸಬೇಕೇ? ಉಳಿಸಿಕೊಂಡರೆ ಅದಕ್ಕೂ ಬರುತ್ತದೆಯೇ? ಸಿಸೇರಿಯನ್ನೇ ಆಗಬೇಕೆಂದು ಒಬ್ಬರು ಹೇಳಿದರು. ಗಂಡನಿಗೆ ಇನ್ನೂ ಹೇಳಿಲ್ಲ. (ಮೂಡಿಗೆರೆ ತಾಲ್ಲೂಕು)

ಉತ್ತರ: ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ, ತೆಗೆಸಿಕೊಳ್ಳಿ ಎಂದು ನಿಮ್ಮನ್ನು ಒತ್ತಾಯಿಸುವ ಅಧಿಕಾರವೂ ಯಾರಿಗೂ ಇಲ್ಲ. ಮಗು ಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ. ಆದರೆ ಆ ತೀರ್ಮಾನವನ್ನು ಹೆದರಿಕೆಯಲ್ಲಿ ಮಾಡದೆ, ಈ ಕೆಳಗಿನ ಸಂಗತಿಗಳನ್ನು ತಿಳಿದುಕೊಂಡು ಮಾಡಿ.

ಯಾವ ಚಿಕಿತ್ಸೆಯನ್ನೂ ಪಡೆಯದಿದ್ದಲ್ಲಿ ಬಸಿರು, ಹೆರಿಗೆ ಮತ್ತು ಹಾಲೂಡಿಸುವ ಅವಧಿ ಸೇರಿ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45ರಷ್ಟಿರುತ್ತದೆ. ತಾಯಿ ಪ್ರತಿದಿನ ಔಷಧ ಸೇವಿಸಿ, ಹೆರಿಗೆಯ ಹೊತ್ತಿಗೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಅಂದರೆ ವೈರಲ್ ಲೋಡ್, ಪತ್ತೆಗೆ ಸಿಗದಷ್ಟು ಇಳಿದಿದ್ದರೆ ಹೆರಿಗೆಯವರೆಗಿನ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಭಾರತದಲ್ಲಿ 2014ರಿಂದ, ರಕ್ತದಲ್ಲಿ ರೋಗನಿರೋಧಕ ಕಣಗಳಾದ ಸಿಡಿ4 ಎಷ್ಟಿವೆ ಎಂದು ಕಾಯದೆ, ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿಯನ್ನು ಉಚಿತವಾಗಿ ಕೊಡಲಾಗುತ್ತಿದೆ. ಆದ್ದರಿಂದ ನಿಮ್ಮ ಮೊದಲ ಕೆಲಸವೆಂದರೆ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ಈ ವಾರವೇ ಹೋಗುವುದು. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿ. ಐದನೇ ತಿಂಗಳಿನಲ್ಲಿ ಆರಂಭಿಸಿದವರಿಗೂ ಎಂಟನೇ ತಿಂಗಳಿನಲ್ಲಿ ಆರಂಭಿಸಿದವರಿಗೂ ಇರುವ ವ್ಯತ್ಯಾಸ ಮಗುವಿನ ಪಾಲಿಗೆ ದೊಡ್ಡದು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿದಿದೆ ಎಂಬುದು ನಿಜ, ಒಂದು ದಿನದ ಕೂಲಿ ಉಳಿಯುವುದಿಲ್ಲ ಎಂಬುದೂ ನಿಜ. ಔಷಧಕ್ಕೆ ದೇಹ ಹೊಂದಿಕೊಂಡ ಮೇಲೆ ಒಮ್ಮೆಲೇ ಕೆಲವು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಹಂಚುವ ಲಿಂಕ್ ಎಆರ್‌ಟಿ ಕೇಂದ್ರವಿದ್ದರೆ ಅಲ್ಲಿಗೆ ಜೋಡಿಸಿಕೊಡಿ ಎಂದು ಕೇಳಿ.

ನಿಮಗೆ ಕೊಡುವುದು ಬಹುಶಃ ದಿನಕ್ಕೊಂದು ಮಾತ್ರೆ. ಅದರಲ್ಲಿ ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತವೆ. ಈ ಡೊಲುಟೆಗ್ರಾವಿರ್ ಗರ್ಭಿಣಿಯರಿಗೆ ಸಲ್ಲದೆಂಬ ಮಾತು ನಿಮ್ಮ ಕಿವಿಗೂ ಬೀಳಬಹುದು. 2018ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಿಂದ ಅಂಥ ಒಂದು ಎಚ್ಚರಿಕೆ ಬಂದದ್ದು ಹೌದು. ಆದರೆ ಅದೇ ಅಧ್ಯಯನದಲ್ಲಿ ಹೆಚ್ಚು ಹೆರಿಗೆಗಳ ವಿವರ ಸೇರುತ್ತ ಹೋದಂತೆ ಆ ಶಂಕೆ ಕರಗಿತು, ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೂ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು. ಹಳೆಯ ಸುದ್ದಿ ಊರೂರು ತಿರುಗುತ್ತಿದೆ, ಅದನ್ನು ಅಲ್ಲಗಳೆದ ಸುದ್ದಿ ತಿರುಗುತ್ತಿಲ್ಲ.

ಬಸಿರಿನ 32ರಿಂದ 36ನೇ ವಾರದೊಳಗೆ ವೈರಲ್ ಲೋಡ್ ಪರೀಕ್ಷೆ ಆಗಲೇಬೇಕು. ಅದರ ಫಲಿತಾಂಶವನ್ನು ನೋಡಿಯೇ ಹುಟ್ಟಿದ ಮಗುವಿಗೆ ಒಂದು ಔಷಧ ಸಾಕೋ ಎರಡು ಬೇಕೋ ಎಂದು ನಿರ್ಧರಿಸುತ್ತಾರೆ. ಜೊತೆಗೆ ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳಾಗಿವೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ. ಕೆಮ್ಮು, ಜ್ವರ, ರಾತ್ರಿ ಬೆವರುವುದು ಅಥವಾ ಬಸಿರಿನಲ್ಲಿ ಏರಬೇಕಾದ ತೂಕ ಏರದಿರುವುದು, ಇವುಗಳಲ್ಲಿ ಒಂದಿದ್ದರೂ ಕ್ಷಯದ ತಪಾಸಣೆ ಮಾಡಿಸಿ.

ಇನ್ನು ಸಿಸೇರಿಯನ್ ವಿಷಯ. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಎಚ್‌ಐವಿ ಇದ್ದ ಮಾತ್ರಕ್ಕೆ ಸಿಸೇರಿಯನ್ ಮಾಡುವುದಿಲ್ಲ. ಮಗು ಅಡ್ಡ ಇರುವುದು, ಮಾಸು ಕೆಳಗಿರುವುದು ಮುಂತಾಗಿ ಬೇರೆ ಗರ್ಭಿಣಿಯರಿಗೆ ಯಾವ ಕಾರಣಕ್ಕೆ ಮಾಡುತ್ತಾರೋ ನಿಮಗೂ ಅದೇ ಕಾರಣಕ್ಕೆ ಮಾಡಬೇಕು. ಕೆಲವು ಶ್ರೀಮಂತ ದೇಶಗಳಲ್ಲಿ ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ ಸಾವಿರ ದಾಟಿದವರಿಗೆ 38ನೇ ವಾರದಲ್ಲಿ ಸಿಸೇರಿಯನ್ ಮಾಡುವ ಪದ್ಧತಿ ಇದೆ. ನಿಮಗೆ ಸಲಹೆ ಕೊಟ್ಟವರು ಅದನ್ನು ಕೇಳಿರಬಹುದು. ಸಹಜ ಹೆರಿಗೆಯಲ್ಲಿ ವೈದ್ಯರು ಪಾಲಿಸಬೇಕಾದ ಎಚ್ಚರಿಕೆಗಳಿವೆ. ಅವಸರಪಟ್ಟು ನೀರಿನ ಚೀಲವನ್ನು ಒಡೆಯಬಾರದು, ಅನಗತ್ಯವಾಗಿ ಹೆರಿಗೆ ದಾರಿಯನ್ನು ಕೊಯ್ಯಬಾರದು, ಮತ್ತೆ ಮತ್ತೆ ಒಳಪರೀಕ್ಷೆ ಮಾಡಬಾರದು. ನೋವು ಬಂದ ದಿನವೂ ಎಆರ್‌ಟಿ ಮಾತ್ರೆಯನ್ನು ತಪ್ಪಿಸಬಾರದು. ಬಟ್ಟೆ ಚೀಲದಲ್ಲಿ ಮೊದಲೇ ಇಟ್ಟುಕೊಳ್ಳಿ. ಹೆರಿಗೆ ಕೊಠಡಿಯವರಿಗೊಂದು ಮಾತು: ತಾಯಿ ಅಟಜನವಿರ್ ಅಥವಾ ಲೋಪಿನವಿರ್ ಇರುವ ಎರಡನೇ ಹಂತದ ಔಷಧದಲ್ಲಿದ್ದರೆ, ಅವುಗಳೊಂದಿಗೆ ಕೊಡುವ ರಿಟೊನವಿರ್ ಕಾರಣದಿಂದ, ರಕ್ತಸ್ರಾವ ನಿಲ್ಲಿಸಲು ಮೆಥರ್ಜಿನ್ ಕೊಡುವುದು ಅಪಾಯಕಾರಿ. ರಕ್ತನಾಳಗಳು ತೀವ್ರವಾಗಿ ಸೆಟೆದುಕೊಳ್ಳಬಹುದು. ಆಕ್ಸಿಟೋಸಿನ್ ಬಳಸುವುದೇ ಕ್ಷೇಮ.

ಗಂಡನ ವಿಷಯ ಕೊನೆಗೆ ಬರೆದಿದ್ದೀರಿ, ಅದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನನಗನ್ನಿಸುತ್ತದೆ. ಅವರ ಪರೀಕ್ಷೆಯೂ ಆಗಬೇಕು, ಏಕೆಂದರೆ ಸೋಂಕಿದ್ದರೆ ಅವರಿಗೂ ಚಿಕಿತ್ಸೆ ಬೇಕು. ಆದರೆ ಹೇಗೆ ಹೇಳುವುದೆಂದು ಒಬ್ಬರೇ ಯೋಚಿಸುತ್ತ ಕೂರಬೇಡಿ. ಆಸ್ಪತ್ರೆಯ ಆಪ್ತಸಮಾಲೋಚಕರ ಎದುರಿನಲ್ಲಿ ಹೇಳಬಹುದು. ಹೇಳಿದರೆ ಹೊಡೆತ ಬೀಳುತ್ತದೆ ಅಥವಾ ಮನೆಯಿಂದ ಹೊರಹಾಕುತ್ತಾರೆ ಎಂಬ ಭಯಕ್ಕೆ ಕಾರಣವಿದ್ದರೆ ಅದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ. ಅಂಥ ಸಂದರ್ಭದಲ್ಲಿ ಮಹಿಳೆಯ ಸ್ಥಿತಿಯನ್ನು ಸಂಗಾತಿಗೆ ತಿಳಿಸಬಾರದೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಪ್ರಶ್ನೆ: ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ, ಒಂದು ದಿನವೂ ಬಿಟ್ಟಿಲ್ಲ. ವೈರಲ್ ಲೋಡ್ ಚೆನ್ನಾಗಿತ್ತು. ಈಗ ಎಂಟು ತಿಂಗಳ ಬಸಿರಿ. ಪರೀಕ್ಷೆಯಲ್ಲಿ ವೈರಸ್ ಮತ್ತೆ ಏರಿದೆ ಎಂದರು. ಮಾತ್ರೆ ಬಿಟ್ಟಿದ್ದೀಯಾ ಎಂದು ಗದರಿಸಿದರು. ರಾತ್ರಿ ಒಂಬತ್ತಕ್ಕೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನುಂಗಿಬಿಡುತ್ತೇನೆ, ಮರೆಯಬಾರದು ಎಂದು. (ಅರಸೀಕೆರೆ ತಾಲ್ಲೂಕು)

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಬಹುಮಟ್ಟಿಗೆ ಉತ್ತರವಿದೆ. ನಿಮ್ಮನ್ನು ಗದರಿಸಿದವರು ಆ ಒಂದು ಪ್ರಶ್ನೆಯನ್ನು, ಅಂದರೆ ಎಷ್ಟು ಹೊತ್ತಿಗೆ ಯಾವುದರ ಜೊತೆ ನುಂಗುತ್ತೀಯಮ್ಮ ಎಂದು, ಕೇಳಬೇಕಿತ್ತು.

ಬಸಿರಿನಲ್ಲಿ ಪ್ರತಿಯೊಬ್ಬರಿಗೂ ಕಬ್ಬಿಣಾಂಶದ ಕೆಂಪು ಮಾತ್ರೆಯನ್ನೂ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆಗಳನ್ನೂ ಕೊಡುತ್ತಾರೆ. ಈ ಎರಡೂ ಡೊಲುಟೆಗ್ರಾವಿರ್‌ಗೆ ಹೊಟ್ಟೆಯಲ್ಲೇ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಬರಿ ಹೊಟ್ಟೆಯಲ್ಲಿ, ಇಲ್ಲವೇ ಊಟವಾಗಿ ಬಹಳ ಹೊತ್ತಾದ ಮೇಲೆ ಎಲ್ಲವನ್ನೂ ಒಟ್ಟಿಗೆ ನುಂಗಿದಾಗ, ಮಾತ್ರೆ ಹೊಟ್ಟೆಗೆ ಹೋಗುತ್ತದೆ, ಅದರ ಗುಣದಲ್ಲಿ ಬಹುಪಾಲು ರಕ್ತಕ್ಕೆ ಬರುವುದಿಲ್ಲ. ಎದೆಯುರಿಗೆಂದು ಕುಡಿಯುವ ಆಂಟಾಸಿಡ್ ಔಷಧಗಳಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಕೂಡ ಇದನ್ನೇ ಮಾಡುತ್ತವೆ; ಬಸಿರಿನ ಕೊನೆಯ ತಿಂಗಳುಗಳಲ್ಲಿ ಎದೆಯುರಿ ಯಾರಿಗೆ ಇರುವುದಿಲ್ಲ?

ನಿಯಮ ಸರಳವಾಗಿದೆ: ಎಆರ್‌ಟಿ ಮಾತ್ರೆಯನ್ನು ಈ ಮಾತ್ರೆಗಳಿಗಿಂತ ಕನಿಷ್ಠ 2 ಗಂಟೆ ಮೊದಲು, ಇಲ್ಲವೇ ಅವನ್ನು ನುಂಗಿದ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಆದರೆ ದಿನದಲ್ಲಿ ಮೂರು ಬಾರಿ ಬೇರೆ ಮಾತ್ರೆಗಳಿರುವಾಗ ಇದನ್ನು ಹೊಂದಿಸುವುದು ಅಷ್ಟು ಸರಳವಲ್ಲ. ನಾನು ಸಾಮಾನ್ಯವಾಗಿ ಸೂಚಿಸುವ ಕ್ರಮ ಹೀಗಿದೆ. ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಎಆರ್‌ಟಿ ಮಾತ್ರೆ, ಒಂಬತ್ತಕ್ಕೆ ತಿಂಡಿಯಾದ ಮೇಲೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಕಬ್ಬಿಣದ ಮಾತ್ರೆ, ರಾತ್ರಿ ಎಂಟಕ್ಕೆ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಹತ್ತು ಗಂಟೆ ಬಿಡುವು ಸಿಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನೂ ಜೊತೆಯಾಗಿ ನುಂಗಬಾರದಾದ್ದರಿಂದ ಅದೂ ಇಲ್ಲಿ ಬಗೆಹರಿಯುತ್ತದೆ. ಬೆಳಿಗ್ಗೆ ವಾಂತಿ ಬರುವವರು ಹೊಟ್ಟೆ ತುಂಬ ಊಟ ಮಾಡುತ್ತಲೇ ಎಆರ್‌ಟಿಯನ್ನು ಕ್ಯಾಲ್ಸಿಯಂ ಅಥವಾ ಕಬ್ಬಿಣದೊಂದಿಗೆ ಸೇವಿಸಬಹುದು, ಏಕೆಂದರೆ ಊಟವಿದ್ದಾಗ ಈ ಅಡ್ಡಿ ಬಹುಪಾಲು ನೀಗುತ್ತದೆ. ಆಂಟಾಸಿಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ. ಹಾಲು, ಮೊಸರು, ರಾಗಿ, ಸೊಪ್ಪುಗಳನ್ನು ಬಿಡಬೇಕಾಗಿಲ್ಲ. ರಕ್ತಹೀನತೆಯಿಂದಾಗುವ ಅಪಾಯ ಬೇರೆಯೇ ಇದೆ, ಆದ್ದರಿಂದ ಹೆದರಿಕೊಂಡು ಕಬ್ಬಿಣದ ಮಾತ್ರೆಯನ್ನು ನಿಲ್ಲಿಸುವುದು ಬೇಡ.

ಈ ಪತ್ರಿಕೆಯ ಪುಟವನ್ನಾದರೂ ಹಿಡಿದುಕೊಂಡು ಎಆರ್‌ಟಿ ಕೇಂದ್ರಕ್ಕೆ ಹೋಗಿ, ಸಮಯದ ವಿಷಯ ಹೇಳಿ, ವೈರಲ್ ಲೋಡನ್ನು ಆದಷ್ಟು ಬೇಗ ಮತ್ತೊಮ್ಮೆ ಮಾಡಿಸಿ. ಇನ್ನೂ ಒಂದು ತಿಂಗಳಿದೆ, ಈ ಔಷಧ ವೈರಸ್ಸನ್ನು ವೇಗವಾಗಿ ಇಳಿಸುತ್ತದೆ. ಹೆರಿಗೆಯ ವೇಳೆಗೆ ಪ್ರಮಾಣ ಇಳಿದ ದಾಖಲೆ ಸಿಗದಿದ್ದರೆ ನಿಮ್ಮ ಮಗುವನ್ನು ಹೆಚ್ಚು ಅಪಾಯದ ಮಗುವೆಂದು ಪರಿಗಣಿಸಿ ನೆವಿರಾಪಿನ್ ಜೊತೆ ಜಿಡೊವುಡಿನ್ ಸಿರಪ್ಪನ್ನೂ ಕೊಡುತ್ತಾರೆ. ಕ್ಷಯಕ್ಕಾಗಿ ರಿಫಾಂಪಿಸಿನ್ ನುಂಗುತ್ತಿರುವ ಓದುಗರಿದ್ದರೆ ಅವರಿಗೂ ಒಂದು ಸೂಚನೆ: ಅದು ಡೊಲುಟೆಗ್ರಾವಿರ್‌ನ ಬಲವನ್ನು ಕುಗ್ಗಿಸುವುದರಿಂದ, ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಹೆಚ್ಚುವರಿ ಮಾತ್ರೆ ಬೇಕಾಗುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ಹೆರಿಗೆ. ಬಾಣಂತನಕ್ಕೆ ತವರಿಗೆ ಹೋಗುತ್ತೇನೆ. ಎದೆಹಾಲು ಕೊಡಬಹುದೇ? ಕೊಡದಿದ್ದರೆ ಏಕೆಂದು ಎಲ್ಲರೂ ಕೇಳುತ್ತಾರೆ. ಅಮ್ಮನಿಗೆ ವಿಷಯ ಗೊತ್ತಿಲ್ಲ. (ಬೇಲೂರು ತಾಲ್ಲೂಕು)

ಉತ್ತರ: ನೀವು ಮಾತ್ರೆ ಸೇವಿಸುತ್ತಿದ್ದು, ವೈರಲ್ ಲೋಡ್ ಹತೋಟಿಯಲ್ಲಿದ್ದು, ಮಗುವಿಗೂ ಔಷಧ ಸಿಗುತ್ತಿದ್ದರೆ ಎದೆಹಾಲು ಕೊಡಬಹುದು, ನಮ್ಮ ಪರಿಸ್ಥಿತಿಯಲ್ಲಿ ಕೊಡುವುದೇ ಒಳ್ಳೆಯದು. ಡಬ್ಬಿ ಹಾಲನ್ನು ಪ್ರತಿ ಸಲವೂ ಕುದಿಸಿದ ನೀರಿನಲ್ಲಿ ಕಲಸಿ, ಆರು ತಿಂಗಳು ಎಡೆಬಿಡದೆ ಕೊಂಡು ತರುವ ಶಕ್ತಿ ಇದ್ದವರಿಗೆ ಅದೂ ಒಂದು ದಾರಿಯೇ. ಇವೆರಡರ ನಡುವಣ ದಾರಿ ಮಾತ್ರ ಬೇಡ.

ಅಪಾಯ ಇರುವುದು ಆ ನಡುವಣ ದಾರಿಯಲ್ಲಿ. ನಮ್ಮ ಕಡೆ ಹುಟ್ಟಿದ ಮೂರನೇ ದಿನಕ್ಕೆ ನಾಲಿಗೆಗೆ ಜೇನು, ಹನ್ನೊಂದಕ್ಕೆ ಬಜೆ, ಆಮೇಲೆ ಸಾಣೆಕಲ್ಲಿನ ಮೇಲೆ ತೇಯ್ದ ಉಗ್ಗು, ಅತ್ತರೆ ಗ್ರೈಪ್ ವಾಟರ್, ಹಾಲು ಸಾಲದೆನಿಸಿದರೆ ನೀರು ಬೆರೆಸಿದ ಹಸುವಿನ ಹಾಲು. ಎಳೆಯ ಕರುಳಿನ ಒಳಪದರಕ್ಕೆ ಇವುಗಳಿಂದ ಉರಿಯೂತವಾಗಿ ಗಾಯದಂತಾದರೆ, ಎದೆಹಾಲಿನಲ್ಲಿರಬಹುದಾದ ವೈರಸ್‌ಗೆ ಅಲ್ಲಿಂದ ರಕ್ತಕ್ಕೆ ದಾರಿಯಾಗುತ್ತದೆ. ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಎದೆಹಾಲಿನ ಜೊತೆ ಬೇರೆಯದನ್ನೂ ಸೇವಿಸಿದ ಮಕ್ಕಳಲ್ಲಿ ಸೋಂಕು ಹೆಚ್ಚು ಕಂಡುಬಂದಿದೆ. ಹೀಗಾಗಿ ಮೊದಲ ಆರು ತಿಂಗಳು ಎದೆಹಾಲು ಮತ್ತು ವೈದ್ಯರು ಬರೆದುಕೊಟ್ಟ ಔಷಧ, ಇವೆರಡನ್ನು ಬಿಟ್ಟು ಒಂದು ತೊಟ್ಟು ನೀರೂ ಬೇಡ. ಆರು ತಿಂಗಳಾದ ಮೇಲೆ ರಾಗಿ ಸರಿ, ಬೇಳೆ ಕಟ್ಟು ಆರಂಭಿಸಿ, ಮಗುವಿಗೆ ಸೋಂಕಿಲ್ಲದಿದ್ದರೂ ಒಂದು ವರ್ಷದವರೆಗೆ ಎದೆಹಾಲನ್ನು ಮುಂದುವರಿಸಿ.

ಅಮ್ಮನನ್ನು ಹೇಗೆ ತಡೆಯುವುದು? ಆರು ತಿಂಗಳು ಎದೆಹಾಲು ಮಾತ್ರ ಎಂಬುದು ಎಲ್ಲ ಮಕ್ಕಳಿಗೂ ಹೇಳುವ ಮಾತಾದ್ದರಿಂದ ಕಾರಣ ಹೇಳದೆಯೇ ಇದನ್ನು ಸಾಧಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಚೀಟಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ, ಆಶಾ ಕಾರ್ಯಕರ್ತೆಯಿಂದಲೂ ಅಮ್ಮನಿಗೆ ಹೇಳಿಸಿ. ಮೊಲೆತೊಟ್ಟು ಒಡೆದು ರಕ್ತ ಬಂದರೆ ಅಥವಾ ಎದೆ ಕಟ್ಟಿ ಕೀವಾದರೆ ವಾಸಿಯಾಗುವವರೆಗೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಿಂದ ಕುಡಿಸಿ, ತಡಮಾಡದೆ ತೋರಿಸಿ.

ತವರಿಗೆ ಹೋಗುವಾಗ ನಿಮ್ಮ ಮಾತ್ರೆ ಡಬ್ಬಿ, ಮಗುವಿನ ನೆವಿರಾಪಿನ್ ಸಿರಪ್, ಅಳತೆಯ ಸಿರಿಂಜ್ ಜೊತೆಗಿರಲಿ. ಬಾಣಂತನದ ಮೂರು ತಿಂಗಳಿನಲ್ಲೇ ಬಹಳ ಮಂದಿಗೆ ಔಷಧ ತಪ್ಪುವುದು, ಆ ಮೂರು ತಿಂಗಳಿನಲ್ಲೇ ಅದು ತಪ್ಪಬಾರದು. ಮಗುವಿಗೆ ಆರು ವಾರ ತುಂಬಿದಾಗ, ಲಸಿಕೆಗೆ ಕರೆದೊಯ್ದ ದಿನವೇ, ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳ ಪರೀಕ್ಷೆ ಮಾಡಿಸಿ, ಬೇರೆ ಸೋಂಕುಗಳನ್ನು ತಡೆಯುವ ಕೋಟ್ರೈಮಾಕ್ಸಜೋಲ್ ಔಷಧ ಆರಂಭಿಸಿ. ಮತ್ತೆ 6, 12, 18 ತಿಂಗಳಿಗೆ ಪರೀಕ್ಷೆಗಳಿವೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಬಹಳ ತಿಂಗಳು ಉಳಿಯುವುದರಿಂದ ಸಾಮಾನ್ಯ ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು 18 ತಿಂಗಳಿಗೆ ಮೊದಲು ನಂಬುವಂತಿಲ್ಲ. ಖಾಸಗಿ ಲ್ಯಾಬಿನಲ್ಲಿ ಮಾಡಿಸಿ ಎದೆ ಒಡೆದುಕೊಳ್ಳಬೇಡಿ.

ಪ್ರಶ್ನೆ: ನನಗೆ 42 ವರ್ಷ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಎಆರ್‌ಟಿಯಲ್ಲಿದ್ದೇನೆ, ಸಿಡಿ4 ಚೆನ್ನಾಗಿದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೋ ಎನ್ನುತ್ತಾರೆ. ಸಂಸಾರವೇ ಇಲ್ಲದವಳಿಗೆ ಅದೇಕೆ? ಒಳಪರೀಕ್ಷೆಗೆ ನಾಚಿಕೆ. (ಕಡೂರು ತಾಲ್ಲೂಕು)

ಉತ್ತರ: ನಿಮಗೇ ಅದು ಮುಖ್ಯವಾಗಿ ಬೇಕು. ಈ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಸ್ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಗರ್ಭಕಂಠದಲ್ಲಿ ಉಳಿದು ನಿಧಾನವಾಗಿ ಜೀವಕೋಶಗಳನ್ನು ಕೆಡಿಸುತ್ತದೆ. ಆದ್ದರಿಂದ ಹನ್ನೆರಡು ವರ್ಷದಿಂದ ಸಂಸಾರವಿಲ್ಲ ಎಂಬುದು ಪರೀಕ್ಷೆಯನ್ನು ಬಿಡಲು ಕಾರಣವಾಗುವುದಿಲ್ಲ. ಎಚ್‌ಐವಿ ಇರುವವರ ದೇಹಕ್ಕೆ ಎಚ್‌ಪಿವಿಯನ್ನು ಹೊರದೂಡುವುದು ಕಷ್ಟ. ಎಚ್‌ಐವಿ ಇಲ್ಲದವರಿಗೆ ಹೋಲಿಸಿದರೆ ಈ ಕ್ಯಾನ್ಸರಿನ ಸಾಧ್ಯತೆ ಇವರಲ್ಲಿ ಆರು ಪಟ್ಟು. ಎಆರ್‌ಟಿ ಬಂದ ಮೇಲೆ ನಮ್ಮ ಮಹಿಳೆಯರು ದೀರ್ಘಕಾಲ ಬದುಕುತ್ತಿದ್ದಾರೆ. ವೈರಸ್ಸನ್ನು ಗೆದ್ದು ಐವತ್ತರ ಹೊಸ್ತಿಲಿಗೆ ಬಂದವರನ್ನು ತಡೆಯಬಹುದಾಗಿದ್ದ ಈ ಕಾಯಿಲೆಗೆ ಒಪ್ಪಿಸುವುದು ನನಗೆ ಸಹಿಸಲಾಗದ ಸಂಗತಿ. ಪ್ರತಿ ತಿಂಗಳು ಎಆರ್‌ಟಿ ಕೇಂದ್ರದ ಸರದಿಯಲ್ಲಿ ನಿಲ್ಲುವ ಮಹಿಳೆಗೆ ಹತ್ತು ಹೆಜ್ಜೆಯಾಚೆಯ ಸ್ತ್ರೀರೋಗ ವಿಭಾಗಕ್ಕೆ ಒಂದು ಚೀಟಿ ಬರೆದುಕೊಡದಿದ್ದರೆ, ಆ ಲೋಪ ಆಕೆಯದಲ್ಲ.

ಸಾಮಾನ್ಯ ಮಹಿಳೆಯರಿಗೆ ನಮ್ಮಲ್ಲಿ 30ರಿಂದ ತಪಾಸಣೆ ಎನ್ನುತ್ತಾರೆ. ಎಚ್‌ಐವಿ ಇರುವವರಿಗೆ 25ರಿಂದಲೇ ಆರಂಭಿಸಬೇಕು, ಎಚ್‌ಪಿವಿ ಡಿಎನ್‌ಎ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ, ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಅಥವಾ ಮುಂದೆ ವಿವರಿಸಿರುವ ವಿಐಎ ಪರೀಕ್ಷೆಯಾದರೆ 3 ವರ್ಷಕ್ಕೊಮ್ಮೆ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಇನ್ನೂ ಬೇಗ ಬೇಗ ಮಾಡಿಸಿ ಎಂದು ನಿಮ್ಮ ವೈದ್ಯರು ಹೇಳಿದರೆ ವಿರೋಧಿಸಬೇಡಿ.

ವಿಐಎ ಹೇಗಿರುತ್ತದೆ ಎಂದು ಹೇಳಿದರೆ ನಿಮ್ಮ ಸಂಕೋಚ ಸ್ವಲ್ಪ ಕಡಿಮೆಯಾಗಬಹುದು. ಮಂಚದ ಮೇಲೆ ಕಾಲು ಮಡಚಿ ಮಲಗುತ್ತೀರಿ, ಸೊಂಟದ ಮೇಲೆ ಹೊದಿಕೆ ಇರುತ್ತದೆ. ಸ್ಪೆಕ್ಯುಲಂ ಎಂಬ ಉಪಕರಣದಿಂದ ದಾರಿಯನ್ನು ಬಿಡಿಸಿ, ವಿನಿಗರ್‌ನಲ್ಲಿರುವಂಥ ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಗುಲಾಬಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಚುರುಗುಟ್ಟಬಹುದು, ಅಷ್ಟೇ. ಬಿಳುಪು ಕಂಡರೆ ಕ್ಯಾನ್ಸರ್ ಬಂತೆಂದು ಅರ್ಥವಲ್ಲ. ಆ ಪದರವನ್ನು ಬಿಸಿಯಿಂದ ಸುಟ್ಟು ಅಥವಾ ತಂತಿಯ ಉಂಗುರದಿಂದ ತೆಗೆದು ಅದೇ ದಿನ ಮನೆಗೆ ಕಳುಹಿಸಬಹುದು. ಎಚ್‌ಐವಿ ಇರುವವರಲ್ಲಿ ಇದು ಮರಳಿ ಬರುವುದು ಹೆಚ್ಚಾದ್ದರಿಂದ ವರ್ಷ ಬಿಟ್ಟು ಮತ್ತೆ ಪರೀಕ್ಷೆ ಬೇಕು. ಎಚ್‌ಪಿವಿ ಪರೀಕ್ಷೆ ದೊರೆಯುವ ಕಡೆ ಮಾದರಿಯನ್ನು ನೀವೇ ಮರೆಯಲ್ಲಿ ತೆಗೆದುಕೊಡಬಹುದು, ಆಗ ಒಳಪರೀಕ್ಷೆಯ ಪ್ರಶ್ನೆ ಮೊದಲಿಗೆ ಬರುವುದೇ ಇಲ್ಲ. ವೈದ್ಯೆಯೇ ಬೇಕೆಂದು ಕೇಳುವ ಹಕ್ಕೂ ನಿಮಗಿದೆ.

ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೆ ಎಚ್‌ಪಿವಿ ಲಸಿಕೆಯ ಬಗ್ಗೆ ವಿಚಾರಿಸಿ. ಹುಟ್ಟಿನಿಂದ ಸೋಂಕಿರುವ ಹುಡುಗಿಯರಿಗೆ ಮೂರು ಡೋಸ್ ಕೊಡುವುದು ಸೂಕ್ತ. ದುರ್ವಾಸನೆಯ ಬಿಳಿ ಸೆರಗು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಇವಿದ್ದರೆ ತಪಾಸಣೆಯ ಸರದಿಗೆ ಕಾಯದೆ ಈಗಲೇ ತೋರಿಸಿ.

ಪ್ರಶ್ನೆ: ಗರ್ಭಕೋಶದಲ್ಲಿ ಗಡ್ಡೆ, ವಿಪರೀತ ರಕ್ತಸ್ರಾವ. ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶ ತೆಗೆಯಲು ದಿನ ಕೊಟ್ಟಿದ್ದರು. ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಸರ್ಜನ್ ರಜೆಯಲ್ಲಿದ್ದಾರೆ ಎಂದರು. (ಹಾಸನ ನಗರ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಫಲಿತಾಂಶವನ್ನು ಬಹಿರಂಗಪಡಿಸುವುದು, ಇವೆಲ್ಲ ಅದರಡಿ ನಿಷಿದ್ಧ. ಖಾಸಗಿ ಆಸ್ಪತ್ರೆಗೂ ಅನ್ವಯ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು. ಅಲ್ಲಿ ಕೆಲಸವಾಗದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅವರು 30 ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟು ಮಟ್ಟಿಗೆ 24 ಗಂಟೆಯೊಳಗೆ ಆದೇಶ ಕೊಡಬೇಕು. ದಾರಿ ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ.

ಸಿಬ್ಬಂದಿಯ ಭಯಕ್ಕೂ ಉತ್ತರವಿದೆ. ಕೈಗವಸು, ಕನ್ನಡಕ, ಗೌನು ಪ್ರತಿ ರೋಗಿಗೂ ಬೇಕಾದವು, ಏಕೆಂದರೆ ವರದಿ ನೆಗೆಟಿವ್ ಇದ್ದವರೆಲ್ಲರೂ ಸೋಂಕಿಲ್ಲದವರೆಂದು ಹೇಳಲಾಗದು. ಸೂಜಿ ಚುಚ್ಚಿದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ, ತಡೆ ಔಷಧ ಆರಂಭಿಸಿ 28 ದಿನ ಸೇವಿಸಿದರೆ ಸಾಕು. ಎಚ್‌ಐವಿ ಕಿಟ್ ಎಂದು ಬಿಲ್ಲಿನಲ್ಲಿ ಬೇರೆ ಹಣ ಕೀಳುವುದನ್ನು ನಾನು ಸುಲಿಗೆ ಎಂದೇ ಕರೆಯುತ್ತೇನೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದ ಇನ್ನೊಂದು ಸಂಗತಿ ಇದೆ: ಗರ್ಭಕೋಶ ತೆಗೆಯುವುದು ಅನಿವಾರ್ಯವೇ? ಗಡ್ಡೆಯ ಗಾತ್ರ, ಜಾಗ ನೋಡಿ ಮಾತ್ರೆಗಳಿಂದಲೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ವಂಕಿಯಿಂದಲೋ ರಕ್ತಸ್ರಾವವನ್ನು ಹತೋಟಿಗೆ ತರಲು ಸಾಧ್ಯವಾಗುತ್ತದೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ (ಹಿಮ್ಸ್) ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಎರಡನೇ ಅಭಿಪ್ರಾಯ ಕೇಳಿ. ಶಸ್ತ್ರಚಿಕಿತ್ಸೆಯೇ ಬೇಕಾದರೆ, ಎಆರ್‌ಟಿಯಲ್ಲಿದ್ದು ಸಿಡಿ4 ಚೆನ್ನಾಗಿರುವವರಿಗೆ ಎಚ್‌ಐವಿಯೇ ಒಂದು ಅಡ್ಡಿಯಲ್ಲ.

ಪ್ರಶ್ನೆ: ನನಗೆ ಸೋಂಕಿದೆ, ಗಂಡನಿಗಿಲ್ಲ. ಇನ್ನೊಂದು ಮಗು ಬೇಕು. ಅದಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳಲೇಬೇಕು ಎನ್ನುತ್ತಿದ್ದಾರೆ. (ಚಿಕ್ಕಮಗಳೂರು)

ಉತ್ತರ: ವೈರಲ್ ಲೋಡ್ ಪತ್ತೆಗೆ ಸಿಗದ ಮಟ್ಟದಲ್ಲಿ ಸ್ಥಿರವಾಗಿದ್ದರೆ ದೈಹಿಕ ಸಂಪರ್ಕದಿಂದ ಗಂಡನಿಗೆ ಸೋಂಕು ತಗಲುವುದಿಲ್ಲ. ಇತ್ತೀಚಿನ ವರದಿಯನ್ನು ಕೈಯಲ್ಲಿಟ್ಟುಕೊಂಡು, ಮುಟ್ಟಿನ ಚಕ್ರ 28 ದಿನದ್ದಾದರೆ ಸುಮಾರು 11ರಿಂದ 16ನೇ ದಿನದವರೆಗೆ ಮಾತ್ರ ಕಾಂಡೋಮ್ ಬಿಡಿ. ಆದರೂ ಅಳುಕಿದ್ದರೆ ವೀರ್ಯವನ್ನು ಸ್ವಚ್ಛ ಬಟ್ಟಲಿನಲ್ಲಿ ಸಂಗ್ರಹಿಸಿ ಸೂಜಿಯಿಲ್ಲದ ಸಿರಿಂಜಿನಿಂದ ಒಳಗೆ ಸೇರಿಸುವ ವಿಧಾನವನ್ನು ವೈದ್ಯರು ಹೇಳಿಕೊಡುತ್ತಾರೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಈಗಿನಿಂದಲೇ ಆರಂಭಿಸಿ.

ಆಪರೇಷನ್ ಮಾಡಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಕಾಪರ್ ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಎಆರ್‌ಟಿಯಲ್ಲಿ ಆರೋಗ್ಯವಾಗಿರುವವರಿಗೆ ಯೋಗ್ಯ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಸಹ ಆದೀತು. ಡೊಲುಟೆಗ್ರಾವಿರ್ ಇವು ಯಾವುವಕ್ಕೂ ಅಡ್ಡ ಬರುವುದಿಲ್ಲ. ಎಚ್‌ಐವಿಯ ಇನ್ನೊಂದು ಔಷಧವಾದ ಎಫಾವಿರೆಂಜ್ ಮತ್ತು ಕ್ಷಯದ ರಿಫಾಂಪಿಸಿನ್ ಮಾತ್ರ ತೋಳಿನಲ್ಲಿ ಅಳವಡಿಸುವ ಇಂಪ್ಲಾಂಟಿನ ಮತ್ತು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತವೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಕೆಲವು ಕಡೆ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಇದು ಸರಿಯೇ? (ಸಕಲೇಶಪುರ ತಾಲ್ಲೂಕು)

ಉತ್ತರ: ಸರಿಯಲ್ಲ. ಆ ಕಾರ್ಡನ್ನು ಅಂಗನವಾಡಿಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಹತ್ತು ಮಂದಿ ನೋಡುತ್ತಾರೆ. ಚಿಕಿತ್ಸೆ ಕೊಡುವವರಿಗೆ ತಿಳಿಯಬೇಕಾದದ್ದನ್ನು ಗೋಪ್ಯ ದಾಖಲೆಯಲ್ಲಿ ಬರೆಯಬೇಕು. ಎಲ್ಲರಿಗೂ ಕಾಣುವಂತೆ ಗುರುತು ಹಾಕಿರುವುದು ಕಂಡರೆ ವೈದ್ಯಾಧಿಕಾರಿಗಳ ಗಮನಕ್ಕೆ ತಂದು ಹೊಸ ಕಾರ್ಡ್ ಕೊಡಿಸಿ.

ಪ್ರಶ್ನೆ: ನನಗೆ 39. ಆರು ತಿಂಗಳಿನಿಂದ ಮುಟ್ಟಾಗಿಲ್ಲ. ಎಆರ್‌ಟಿ ಮಾತ್ರೆಯಿಂದಲೇ? (ಹೊಳೆನರಸೀಪುರ ತಾಲ್ಲೂಕು)

ಉತ್ತರ: ಮಾತ್ರೆಯನ್ನು ದೂರುವ ಮೊದಲು ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿಸಿ, ಮುಟ್ಟು ನಿಂತಿತೆಂದುಕೊಂಡು ಐದನೇ ತಿಂಗಳಿನಲ್ಲಿ ಬರುವವರು ಕಡಿಮೆಯೇನಲ್ಲ. ಅದು ಇಲ್ಲವೆಂದಾದರೆ ತೂಕ ಇಳಿದಿದೆಯೇ, ರಕ್ತಹೀನತೆ, ಥೈರಾಯ್ಡ್ ತೊಂದರೆ ಇದೆಯೇ, ಗರ್ಭಕೋಶದ ಕ್ಷಯವಿದೆಯೇ ಎಂದು ನೋಡಬೇಕು. ಅಂತರಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮುಟ್ಟು ನಿಲ್ಲುವುದು ಅದರ ಸಹಜ ಪರಿಣಾಮ, ಹೆದರಬೇಕಾಗಿಲ್ಲ. ಇವೆಲ್ಲ ಸರಿಯಿದ್ದರೆ ಅಂಡಾಶಯದ ಸ್ಥಿತಿಯನ್ನು ತೋರಿಸುವ ಎಫ್‌ಎಸ್‌ಎಚ್ ಹಾರ್ಮೋನ್ ಪರೀಕ್ಷೆ ಮಾಡಿಸಬೇಕಾಗುತ್ತದೆ. ನಲವತ್ತಕ್ಕೆ ಮೊದಲೇ ಅಂಡಾಶಯ ಸೋತಿದ್ದರೆ ಅದನ್ನು ವಯಸ್ಸಿನ ಸಹಜ ಬದಲಾವಣೆ ಎಂದು ಬಿಡುವಂತಿಲ್ಲ, ಹಾರ್ಮೋನ್ ಚಿಕಿತ್ಸೆಯ ವಿಚಾರ ಬರುತ್ತದೆ. ಅಂಡಾಶಯ ಬೇಗ ಸೋತರೆ ಮೂಳೆ ಸವೆಯುತ್ತದೆ, ಟೆನೊಫೊವಿರ್ ಕೂಡ ಮೂಳೆಯ ಸಾಂದ್ರತೆಯನ್ನು ಸ್ವಲ್ಪ ಕುಗ್ಗಿಸುವುದರಿಂದ ನಿಮಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಡಬಹುದು. ಆಗ ಕ್ಯಾಲ್ಸಿಯಂ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಬೇಕೆಂಬುದಕ್ಕೆ ಅರಸೀಕೆರೆಯ ಓದುಗರಿಗೆ ಕೊಟ್ಟ ಉತ್ತರವನ್ನು ನೋಡಿ.